ಪಿಕಪ್ ಹೋದ ಹಳೇ ಕಾರು: ಗ್ಯಾರೇಜಿಗೆ ಬಿಡುವ ಮೊದಲು ಮನೆಯಲ್ಲೇ ಏನೇನು ನೋಡಬಹುದು?

ಮೂರನೇಗೇರ್
ನನ್ನದು ಒಂಬತ್ತು ವರ್ಷ ಹಳೆಯ ಪೆಟ್ರೋಲ್ ಸೆಡಾನ್. 1.5 ಲೀಟರ್, ನಾಲ್ಕು ಸಿಲಿಂಡರ್, ಮ್ಯಾನುವಲ್ ಗೇರ್. 90 ಸಾವಿರ ಕಿಲೋಮೀಟರ್ ದಾಟಿದೆ. ಆಯಿಲ್ ಮಾತ್ರ ಸಮಯಕ್ಕೆ ಸರಿಯಾಗಿ ಬದಲಾಯಿಸುತ್ತಾ ಬಂದಿದ್ದೇನೆ.

ಈಚೆಗೆ ಗಾಡಿಗೆ ದಮ್ಮೇ ಇಲ್ಲ. ಮೂರನೇ ಗೇರಲ್ಲಿ ಆರಾಮಾಗಿ ಹತ್ತುತ್ತಿದ್ದ ಏರಿಗೆ ಈಗ ಎರಡಕ್ಕೆ ಇಳಿಸಬೇಕು. ಆಕ್ಸಿಲರೇಟರ್ ಜೋರಾಗಿ ತುಳಿದರೆ ಸಣ್ಣ ಜರ್ಕ್ ಹೊಡೆಯುತ್ತದೆ. ಸಿಗ್ನಲ್‌ನಲ್ಲಿ ನಿಂತಾಗ ನಡುಗುತ್ತದೆ, ಐಡ್ಲಿಂಗ್ (ಗಾಡಿ ನಿಂತಿರುವಾಗಿನ ಎಂಜಿನ್ ವೇಗ) ಕೂಡ ಮೊದಲಿಗಿಂತ ಜಾಸ್ತಿ. ಚೆಕ್ ಎಂಜಿನ್ ಲೈಟ್ ಒಮ್ಮೊಮ್ಮೆ ಹತ್ತಿ ಕೆಲವು ದಿನಕ್ಕೆ ತಾನೇ ಆರುತ್ತದೆ.

ಒಂದು ಗ್ಯಾರೇಜಿನಲ್ಲಿ ತೋರಿಸಿದೆ. ಬಾನೆಟ್ ತೆಗೆಯುವ ಮೊದಲೇ ಇಂಜೆಕ್ಟರ್ ಕ್ಲೀನಿಂಗ್, ಡೀಕಾರ್ಬನೈಸಿಂಗ್, ಎಂಜಿನ್ ಫ್ಲಶ್ ಅಂತ ಚೀಟಿ ಬರೆದು ಕೈಗೆ ಕೊಟ್ಟರು. ಇದೆಲ್ಲ ಬೇಕಾ? ಸ್ಪ್ಯಾನರ್ ಸೆಟ್ ಇದೆ, ಭಾನುವಾರ ಬಿಡುವಿದೆ. ಎಲ್ಲಿಂದ ಶುರು ಮಾಡಲಿ?

ಗ್ರೀಸ್‌ಕೈ
ಆ ಚೀಟಿ ಪಕ್ಕಕ್ಕಿಡಿ. ಕಾಯಿಲೆ ಗೊತ್ತಾಗದೆ ಮಾತ್ರೆ ಬರೆದಿದ್ದಾರೆ.

ಪಿಕಪ್ ಇಲ್ಲ ಅಂದ ತಕ್ಷಣ ಎಂಜಿನ್ ಮೇಲೇ ಅನುಮಾನ ಪಡಬೇಡಿ. ಎಂಜಿನ್ ಶಕ್ತಿ ಕೊಡುತ್ತಿದ್ದರೂ ಅದು ಚಕ್ರಕ್ಕೆ ತಲುಪದೇ ಇರಬಹುದು. ಇಲ್ಲಾ ಚಕ್ರವನ್ನೇ ಏನೋ ಹಿಡಿದಿರಬಹುದು. ಸ್ಪ್ಯಾನರ್ ಮುಟ್ಟದೇ ನೋಡಬಹುದಾದದ್ದು ಇಷ್ಟು.

ಕ್ಲಚ್: ಖಾಲಿ ರಸ್ತೆಯಲ್ಲಿ, ಮೇಲಿನ ಗೇರಲ್ಲಿ ಮಧ್ಯಮ ವೇಗದಲ್ಲಿ ಹೋಗುವಾಗ ಆಕ್ಸಿಲರೇಟರ್ ಪೂರ್ತಿ ತುಳಿಯಿರಿ. ಆರ್‌ಪಿಎಂ ಮುಳ್ಳು ಜಿಗಿದು ಸ್ಪೀಡ್ ಅಲ್ಲೇ ಇದ್ದರೆ ಕ್ಲಚ್ ಜಾರುತ್ತಿದೆ. ಆಗ ಯಾವ ಪ್ಲಗ್, ಯಾವ ಫಿಲ್ಟರ್ ಹಾಕಿದರೂ ದಂಡ.

ಬ್ರೇಕ್: ಜಾಸ್ತಿ ಬ್ರೇಕ್ ಹಿಡಿಯದೆ ಒಂದಷ್ಟು ದೂರ ಓಡಿಸಿ ನಿಲ್ಲಿಸಿ. ನಾಲ್ಕೂ ಚಕ್ರದ ಹತ್ತಿರ ಕೈ ಒಯ್ಯಿರಿ, ಮುಟ್ಟಬೇಡಿ. ಒಂದೇ ಒಂದು ಚಕ್ರ ಕಾದಿದ್ದರೆ ಅಲ್ಲಿ ಬ್ರೇಕ್ ಕಚ್ಚಿಕೊಂಡಿದೆ.

ಟೈರ್ ಗಾಳಿ: ಬಾಗಿಲ ಚೌಕಟ್ಟಿನ ಸ್ಟಿಕ್ಕರ್‌ನಲ್ಲಿ ಇರುವಷ್ಟು ಇರಲಿ. ಟೈರಿನ ಮೇಲೆ ಅಚ್ಚಾಗಿರುವ ಸಂಖ್ಯೆ ಗರಿಷ್ಠ ಮಿತಿ, ಅಷ್ಟು ಹೊಡೆಸಬೇಡಿ.

ಟೆಂಪರೇಚರ್ ಮುಳ್ಳು: ಎಷ್ಟು ಓಡಿಸಿದರೂ ನಡುವಿಗೆ ಬರುತ್ತಿಲ್ಲವಾ? ಥರ್ಮೋಸ್ಟಾಟ್ ತೆರೆದೇ ನಿಂತಿರಬಹುದು. ಎಂಜಿನ್ ಇನ್ನೂ ತಣ್ಣಗಿದೆ ಅಂದುಕೊಂಡು ಕಂಪ್ಯೂಟರ್ ಪೆಟ್ರೋಲ್ ಜಾಸ್ತಿ ಕೊಡುತ್ತಲೇ ಇರುತ್ತದೆ.

ಇವು ನಾಲ್ಕೂ ಸರಿ ಇದ್ದರೆ ಬಾನೆಟ್ ಎತ್ತಿ. ಗಾಳಿ, ಕಿಡಿ, ಪೆಟ್ರೋಲ್, ಇದೇ ಕ್ರಮದಲ್ಲಿ ನೋಡಿ. ಒಂದು ಸಲಕ್ಕೆ ಒಂದೇ ಬದಲಾವಣೆ. ಎಲ್ಲಾ ಒಟ್ಟಿಗೆ ಬದಲಾಯಿಸಿದರೆ ಗಾಡಿ ಸರಿಹೋಗಬಹುದು, ಯಾವುದರಿಂದ ಸರಿಹೋಯಿತು ಅನ್ನೋದು ಮಾತ್ರ ಯಾವತ್ತೂ ಗೊತ್ತಾಗಲ್ಲ.

ಬಾನೆಟ್‌ಪ್ರೇಮಿ
ಏರ್ ಫಿಲ್ಟರ್ ಬದಲಾಯಿಸಿ ಗುರುವೇ. ಅರ್ಧ ಸಮಸ್ಯೆ ಅಲ್ಲೇ ಮುಗಿಯುತ್ತೆ. ಮೈಲೇಜೂ ಏರುತ್ತೆ.

ಸ್ಕ್ಯಾನರ್‌ಹುಚ್ಚ
ಪಿಕಪ್ ವಿಷಯ ಒಪ್ಪಿದೆ. ಮೈಲೇಜ್ ವಿಷಯ ಒಪ್ಪಲ್ಲ. ಅದು ಕಾರ್ಬುರೇಟರ್ ಕಾಲದ ಮಾತು. ಇಂಜೆಕ್ಷನ್ ಗಾಡಿಯಲ್ಲಿ ಕಂಪ್ಯೂಟರ್ ಒಳಗೆ ಬರುವ ಗಾಳಿಯನ್ನು ಅಳೆದು ಅದಕ್ಕೆ ತಕ್ಕಷ್ಟೇ ಪೆಟ್ರೋಲ್ ಬಿಡುತ್ತದೆ. ಫಿಲ್ಟರ್ ಕಟ್ಟಿಕೊಂಡರೆ ಗಾಳಿ ಕಡಿಮೆ, ಪೆಟ್ರೋಲೂ ಕಡಿಮೆ. ಅಮೆರಿಕದ ಓಕ್ ರಿಡ್ಜ್ ರಾಷ್ಟ್ರೀಯ ಪ್ರಯೋಗಾಲಯ 2009ರಲ್ಲಿ ಬೇಕಂತಲೇ ಫಿಲ್ಟರ್ ಕಟ್ಟಿಸಿ ಇದನ್ನು ಪರೀಕ್ಷೆ ಮಾಡಿತ್ತು. ಆಧುನಿಕ ಇಂಜೆಕ್ಷನ್ ಕಾರುಗಳಲ್ಲಿ ಮೈಲೇಜ್ ಹೇಳಿಕೊಳ್ಳುವಷ್ಟು ಬದಲಾಗಲಿಲ್ಲ. ಆದರೆ ಪೂರ್ತಿ ತುಳಿದಾಗ ವೇಗ ಹಿಡಿಯುವುದು ನಿಧಾನವಾಯಿತು.

ಅಂದರೆ ಇವರ ದೂರಿಗೆ ಫಿಲ್ಟರ್ ನೋಡುವುದು ಸರಿಯೇ. ಪೆಟ್ರೋಲ್ ಉಳಿಯುತ್ತೆ ಅಂತ ಆಸೆ ಇಟ್ಟುಕೊಳ್ಳಬೇಡಿ ಅಷ್ಟೇ.

ನಿಧಾನವೇಗ
ಫಿಲ್ಟರ್ ಡಬ್ಬಿ ತೆರೆದಾಗ ಫಿಲ್ಟರನ್ನಷ್ಟೇ ನೋಡಬೇಡಿ, ಡಬ್ಬಿಯ ತಳ ಮತ್ತು ಗಾಳಿ ಬರುವ ಮೂತಿಯನ್ನೂ ನೋಡಿ. ನನ್ನ ಕಾರಿನಲ್ಲಿ ಇಲಿ ಗೂಡು ಕಟ್ಟಿತ್ತು. ಸೀಟಿನ ಹತ್ತಿ, ಒಣಗಿದ ಎಲೆ, ಪ್ಲಾಸ್ಟಿಕ್ ಚೂರು ಎಲ್ಲಾ ಸೇರಿಸಿ ಮೂತಿಯನ್ನೇ ಮುಚ್ಚಿಬಿಟ್ಟಿತ್ತು. ಮೇಲಿಂದ ನೋಡಿದರೆ ಫಿಲ್ಟರ್ ಹೊಸದರ ಹಾಗೇ ಇತ್ತು!

ಇನ್ನೊಂದು ಮಾತು. ಪೇಪರ್ ಫಿಲ್ಟರನ್ನು ನೀರಲ್ಲಿ ತೊಳೆಯಬೇಡಿ. ಜೋರು ಗಾಳಿ ಹೊಡೆದರೂ ಪೇಪರ್ ಹರಿಯುತ್ತದೆ, ಆಮೇಲೆ ಧೂಳು ಸೀದಾ ಎಂಜಿನ್ ಒಳಗೆ.

ಬಾನೆಟ್‌ಪ್ರೇಮಿ
ಹಾಗಾದರೆ ತೊಳೆದು ಮತ್ತೆ ಹಾಕುವ ಸ್ಪೋರ್ಟ್ಸ್ ಫಿಲ್ಟರ್?

ಗ್ರೀಸ್‌ಕೈ
ದಿನಾ ಆಫೀಸಿಗೆ ಹೋಗಿಬರುವ ಗಾಡಿಗೆ ಸುಮ್ನೆ ಖರ್ಚು. ಅದಕ್ಕೆ ಹಚ್ಚುವ ಎಣ್ಣೆ ಸ್ವಲ್ಪ ಜಾಸ್ತಿಯಾದರೂ ಒಳಗೆ ಬರುವ ಗಾಳಿ ಅಳೆಯುವ ಮಾಸ್ ಏರ್‌ಫ್ಲೋ ಸೆನ್ಸರ್‌ಗೆ ಅಂಟುತ್ತದೆ. ಅಲ್ಲಿಂದ ಇನ್ನೊಂದು ತಲೆನೋವು.

ಸ್ಕ್ಯಾನರ್‌ಹುಚ್ಚ
ಲೈಟ್ ಹತ್ತಿ ಆರುತ್ತದೆ ಅಂದಿರಲ್ಲ, ದೋಷದ ಕೋಡ್ ಕಂಪ್ಯೂಟರ್ ಒಳಗೆ ಉಳಿದಿರುತ್ತದೆ. ಸ್ಟಿಯರಿಂಗ್ ಕೆಳಗಡೆ ಆ ಕೋಡ್ ಓದಲು 16 ಪಿನ್ನಿನ ಓಬಿಡಿ ಸಾಕೆಟ್ ಇದೆ. ಬ್ಲೂಟೂತ್ ಸ್ಕ್ಯಾನರ್ ಚುಚ್ಚಿ ಫೋನಿನಲ್ಲೇ ಓದಬಹುದು. ಕೋಡ್ ಮಾತ್ರ ಓದಿ ನಿಲ್ಲಿಸಬೇಡಿ. ಲೈವ್ ಡೇಟಾದಲ್ಲಿ ಲಾಂಗ್ ಟರ್ಮ್ ಮತ್ತು ಶಾರ್ಟ್ ಟರ್ಮ್ ಫ್ಯುಯೆಲ್ ಟ್ರಿಮ್ ಎರಡನ್ನೂ ಬರೆದುಕೊಳ್ಳಿ. ಎಂಜಿನ್ ಬಿಸಿಯಾದ ಮೇಲೆ ಐಡ್ಲಿಂಗ್‌ನಲ್ಲಿ ಒಮ್ಮೆ, 2500 ಆರ್‌ಪಿಎಂನಲ್ಲಿ ಹಿಡಿದು ಒಮ್ಮೆ.

ಟ್ರಿಮ್ ಅಂದರೆ ಕಂಪ್ಯೂಟರ್ ತನ್ನ ಲೆಕ್ಕಕ್ಕಿಂತ ಎಷ್ಟು ಪೆಟ್ರೋಲ್ ಸೇರಿಸುತ್ತಿದೆ ಅಥವಾ ಕಡಿಮೆ ಮಾಡುತ್ತಿದೆ ಅನ್ನೋದು. ಸೊನ್ನೆಯ ಆಚೀಚೆ ಇದ್ದರೆ ಒಳ್ಳೆಯದು. 10% ದಾಟಿದರೆ ಏನೋ ಇದೆ ಅಂತ ಅರ್ಥ.

ಮೂರನೇಗೇರ್
ಎಲ್ಲರಿಗೂ ಥ್ಯಾಂಕ್ಸ್. ಕ್ಲಚ್ ಜಾರುತ್ತಿಲ್ಲ. ಬ್ರೇಕ್, ಟೆಂಪರೇಚರ್ ಸರಿ ಇವೆ. ಟೈರ್ ಗಾಳಿ ಸ್ವಲ್ಪ ಕಡಿಮೆ ಇತ್ತು, ಹೊಡೆಸಿದೆ. ಫಿಲ್ಟರ್ ಕಪ್ಪಾಗಿತ್ತು, ಬದಲಾಯಿಸಿದೆ. ಮೇಲಿನ ಆರ್‌ಪಿಎಂನಲ್ಲಿ ಸ್ವಲ್ಪ ಹಗುರ ಅನ್ನಿಸಿತು. ಆದರೆ ಜರ್ಕ್ ಮತ್ತು ನಡುಕ ಹಾಗೇ ಇವೆ. ಸ್ಕ್ಯಾನರ್ ಒಬ್ಬ ಗೆಳೆಯನ ಹತ್ತಿರ ಇದೆ, ತರುತ್ತೇನೆ. ಅಲ್ಲಿಯವರೆಗೆ ಪ್ಲಗ್ ನೋಡಬಹುದಾ? ಒಂಬತ್ತು ವರ್ಷದಲ್ಲಿ ಬದಲಾಯಿಸಿದ ಬಿಲ್ ಸಿಕ್ಕಿಲ್ಲ.

ಗ್ರೀಸ್‌ಕೈ
ನೋಡಿ, ಖಂಡಿತ ನೋಡಿ. ಸಾಮಾನ್ಯ ನಿಕಲ್ ಪ್ಲಗ್ ಆಗಿದ್ದರೆ 30-40 ಸಾವಿರ ಕಿಲೋಮೀಟರಿಗೇ ಅದರ ಆಯಸ್ಸು ಮುಗಿದಿರುತ್ತದೆ. ಇರಿಡಿಯಂ ಆದರೆ ಒಂದು ಲಕ್ಷದ ಹತ್ತಿರ ಬರುತ್ತದೆ. ನಿಮ್ಮದು ಯಾವುದು ಅಂತ ಕಾರಿನ ಪುಸ್ತಕದಲ್ಲಿರುತ್ತದೆ.

ಸ್ವಲ್ಪ ಉದ್ದ ಬರೆಯುತ್ತೇನೆ, ಯಾಕೆಂದರೆ ಮನೆಯಲ್ಲಿ ಮಾಡುವ ಕೆಲಸಗಳಲ್ಲಿ ಅತಿ ಹೆಚ್ಚು ಲಾಭ ಇದರಿಂದಲೇ, ಅತಿ ಹೆಚ್ಚು ನಷ್ಟವೂ ಇದರಿಂದಲೇ.

ಎಂಜಿನ್ ಪೂರ್ತಿ ತಣ್ಣಗಿರಬೇಕು. ಸಿಲಿಂಡರ್ ಹೆಡ್ ಅಲ್ಯೂಮಿನಿಯಂದು. ಬಿಸಿ ಇರುವಾಗ ಪ್ಲಗ್ ತಿರುಗಿಸಿದರೆ ಮರೆ (ಪ್ಲಗ್ ಕೂರುವ ಥ್ರೆಡ್) ಕಿತ್ತು ಬರಬಹುದು. ಕೀ ತೆಗೆದಿಡಿ. ಪ್ಲಗ್ ಮೇಲೆ ಕೂತು ಕಿಡಿಗೆ ವೋಲ್ಟೇಜ್ ಕೊಡುವುದು ಕಾಯಿಲ್. ಕಾಯಿಲ್‌ನ ಕನೆಕ್ಟರನ್ನು ಲಾಕ್ ಒತ್ತಿ ಬಿಡಿಸಿ, ವೈರ್ ಹಿಡಿದು ಎಳೆಯಬೇಡಿ. ಹಳೇ ಪ್ಲಾಸ್ಟಿಕ್ ಬಿಸ್ಕತ್ತಿನಂತೆ ಮುರಿಯುತ್ತದೆ.

ಕಾಯಿಲ್ ತೆಗೆದ ಮೇಲೆ ಪ್ಲಗ್ ಸಡಿಲಿಸುವ ಮೊದಲು ಆ ಗುಂಡಿಯೊಳಗೆ ಗಾಳಿ ಊದಿ ಧೂಳು, ಮರಳು ತೆಗೆಯಿರಿ. ಇಲ್ಲದಿದ್ದರೆ ಪ್ಲಗ್ ಬಿಚ್ಚಿದ ಕ್ಷಣ ಎಲ್ಲಾ ಸಿಲಿಂಡರ್ ಒಳಗೆ ಬೀಳುತ್ತದೆ. ಒಂದು ಪ್ಲಗ್ ತೆಗೆದು, ನೋಡಿ, ಹೊಸದು ಹಾಕಿ, ಆಮೇಲೆ ಮುಂದಿನದಕ್ಕೆ ಹೋಗಿ. ತೆಗೆದದ್ದನ್ನು ಸಿಲಿಂಡರ್ ಕ್ರಮದಲ್ಲೇ ಜೋಡಿಸಿಡಿ.

ಹಳೇ ಪ್ಲಗ್‌ನ ಮೂತಿ ಓದುವುದು ಹೀಗೆ. ತಿಳಿ ಕಂದು ಬಣ್ಣ ಇದ್ದರೆ ಆರೋಗ್ಯ. ಒಣ ಕಪ್ಪು ಮಸಿ ಇದ್ದರೆ ಪೆಟ್ರೋಲ್ ಜಾಸ್ತಿ ಅಥವಾ ಕಿಡಿ ದುರ್ಬಲ. ಒದ್ದೆ, ಜಿಡ್ಡು ಕಪ್ಪು ಇದ್ದರೆ ಎಂಜಿನ್ ಆಯಿಲ್ ಒಳಗೆ ಬರುತ್ತಿದೆ. ಬೆಳ್ಳಗೆ ಸುಟ್ಟು ಗುಳ್ಳೆ ಎದ್ದಿದ್ದರೆ ಅತಿ ಬಿಸಿ. ನಾಲ್ಕರಲ್ಲಿ ಮೂರು ಒಂದೇ ಥರ ಇದ್ದು ಒಂದು ಬೇರೆ ಇದ್ದರೆ ಆ ಸಿಲಿಂಡರಿನ ಕಥೆಯೇ ಬೇರೆ. ಪ್ಲಗ್ ಕೈಯಲ್ಲಿ ಹಿಡಿದು ಫೋಟೋ ಹಾಕಿ, ಹೇಳುತ್ತೇನೆ.

ಹೊಸದು ಹಾಕುವಾಗ ಮೊದಲ ಸುತ್ತುಗಳೆಲ್ಲ ಕೈಯಲ್ಲೇ. ಸಾಕೆಟ್ ಮತ್ತು ಉದ್ದ ಎಕ್ಸ್‌ಟೆನ್ಷನ್ ಸಾಕು, ಹ್ಯಾಂಡಲ್ ಬೇಡ. ಬಿಗಿ ಅನ್ನಿಸಿದರೆ ಒತ್ತಾಯ ಮಾಡದೆ ಹಿಂದಕ್ಕೆ ತಿರುಗಿಸಿ ಮತ್ತೆ ಶುರು ಮಾಡಿ, ಮರೆ ಅಡ್ಡ ಕೂತಿರಬಹುದು. ತಳ ಮುಟ್ಟಿದ ಮೇಲೆ ಬಿಗಿತ ಅಳೆಯುವ ಟಾರ್ಕ್ ವ್ರೆಂಚ್‌ನಿಂದ ಪುಸ್ತಕದಲ್ಲಿ ಹೇಳಿದಷ್ಟು. ವ್ರೆಂಚ್ ಇಲ್ಲದಿದ್ದರೆ ವಾಷರ್ ಇರುವ ಹೊಸ ಪ್ಲಗ್‌ಗೆ ಕೈಬಿಗಿಯ ನಂತರ ಅರ್ಧದಿಂದ ಮೂರನೇ ಎರಡು ಸುತ್ತು. ಹಳೇ ಪ್ಲಗ್ಗನ್ನೇ ವಾಪಸ್ ಹಾಕುವುದಾದರೆ ಸುಮಾರು ಹನ್ನೆರಡನೇ ಒಂದು ಸುತ್ತು ಸಾಕು. ವಾಷರ್ ಆಗಲೇ ಚಪ್ಪಟೆಯಾಗಿರುತ್ತದೆ.

ಸುಮ್ನೆಓದುಗ
ಮರೆ ಕಚ್ಚಿಕೊಳ್ಳದಂತೆ ಅದಕ್ಕೆ ಆಂಟಿ-ಸೀಜ್ ಪೇಸ್ಟ್ ಹಚ್ಚಬೇಕಲ್ವಾ?

ಗ್ರೀಸ್‌ಕೈ
ಬೇಡ. ಪ್ಲಗ್ ತಯಾರಿಸುವ ಎನ್‌ಜಿಕೆಯವರೇ ತಮ್ಮ ಪ್ಲಗ್‌ಗಳಿಗೆ ಹಚ್ಚಬೇಡಿ ಅನ್ನುತ್ತಾರೆ. ಮರೆಯ ಮೇಲೆ ಆಗಲೇ ಲೋಹದ ಲೇಪ ಇರುತ್ತದೆ. ಪೇಸ್ಟ್ ಹಚ್ಚಿದರೆ ಜಾರು ಜಾಸ್ತಿಯಾಗಿ, ಅದೇ ಟಾರ್ಕ್‌ಗೆ ಬೇಕಾದ್ದಕ್ಕಿಂತ ಹೆಚ್ಚು ಬಿಗಿಯುತ್ತದೆ.

ಬಾನೆಟ್‌ಪ್ರೇಮಿ
ಹಳೇ ಪ್ಲಗ್ಗನ್ನು ಉಪ್ಪುಕಾಗದದಲ್ಲಿ ಉಜ್ಜಿ, ಕಿಡಿ ಹಾರುವ ಗ್ಯಾಪ್ ಸರಿ ಮಾಡಿ ಹಾಕಿದರೆ ಆಗಲ್ವಾ? ನಾವು ಬೈಕಿಗೆ ಹಾಗೇ ಮಾಡುತ್ತಿದ್ದೆವು.

ನಿಧಾನವೇಗ
ಇರಿಡಿಯಂ ಪ್ಲಗ್‌ನ ತುದಿ ಸೂಜಿಯಷ್ಟು ಸಣ್ಣ. ಉಜ್ಜಿದರೆ, ಬಗ್ಗಿಸಿದರೆ ಮುರಿಯುತ್ತದೆ. ದಾರಿಯಲ್ಲಿ ನಿಂತುಹೋದಾಗ ಮನೆ ತಲುಪಲು ಉಜ್ಜಿದರೆ ಸರಿ. ಮನೆಯಲ್ಲಿ ಕೂತು ಮಾಡುವಾಗ ಹೊಸದೇ ಹಾಕಿ.

ಮೂರನೇಗೇರ್
ಪ್ಲಗ್ ತೆಗೆದೆ. ಸಾಮಾನ್ಯ ನಿಕಲ್ ಪ್ಲಗ್‌ಗಳು. ಪುಸ್ತಕದಲ್ಲಿ ಗ್ಯಾಪ್ 1.0ರಿಂದ 1.1 ಮಿಲಿಮೀಟರ್ ಅಂತಿದೆ. ಫೀಲರ್ ಗೇಜ್ ಹಾಕಿದರೆ 1.4 ಸಲೀಸಾಗಿ ತೂರುತ್ತದೆ. ನಡುವಿನ ಕಡ್ಡಿಯ ಅಂಚು ಸವೆದು ಗುಂಡಗಾಗಿದೆ. ಮೂರು ಪ್ಲಗ್ ತಿಳಿ ಕಂದು. ಮೂರನೇ ಸಿಲಿಂಡರಿನದ್ದು ಮಾತ್ರ ಮೇಲ್ಭಾಗದಲ್ಲಿ, ಪಿಂಗಾಣಿ ಹತ್ತಿರ, ಎಣ್ಣೆ ಎಣ್ಣೆ. ಕಿಡಿ ಬರುವ ತುದಿ ಒಣಗಿಯೇ ಇದೆ.

ಗ್ರೀಸ್‌ಕೈ
ಜರ್ಕ್‌ಗೆ ಕಾರಣ ಸಿಕ್ಕಿತು. ಗ್ಯಾಪ್ ಅಗಲವಾದಷ್ಟೂ ಕಿಡಿ ಹಾರಲು ಹೆಚ್ಚು ವೋಲ್ಟೇಜ್ ಬೇಕು. ಆರಾಮಾಗಿ ಹೋಗುವಾಗ ಕಾಯಿಲ್ ಹೇಗೋ ಕೊಡುತ್ತದೆ. ಏರಿನಲ್ಲಿ ತುಳಿದಾಗ ಸಿಲಿಂಡರ್ ಒಳಗೆ ಒತ್ತಡ ಏರುತ್ತದೆ, ಕಿಡಿ ತಪ್ಪುತ್ತದೆ. ಅದೇ ನಿಮ್ಮ ಜರ್ಕ್. ಹಾಗೇ ಓಡಿಸುತ್ತಾ ಹೋದರೆ ಕಾಯಿಲ್ ಕೂಡ ಸಾಯುತ್ತದೆ.

ಮೂರನೆಯದರ ಎಣ್ಣೆ ವಿಷಯ ಆಮೇಲೆ ಮಾತಾಡೋಣ. ಮೊದಲು ಹೊಸ ಪ್ಲಗ್ ಹಾಕಿ ಓಡಿಸಿ.

ಸ್ಕ್ಯಾನರ್‌ಹುಚ್ಚ
ಹೊಸ ಪ್ಲಗ್ ಹಾಕಿದ ಮೇಲೂ ಪೆಟ್ರೋಲ್ ಸರಿಯಾಗಿ ಉರಿಯದೆ ಮಿಸ್‌ಫೈರ್ ಕೋಡ್ ಬಂದರೆ ಕಾಯಿಲ್ ಪರೀಕ್ಷೆ ಸುಲಭ. ಪಿ0302 ಅಂದರೆ ಎರಡನೇ ಸಿಲಿಂಡರ್. ಅದರ ಕಾಯಿಲನ್ನು ನಾಲ್ಕಕ್ಕೆ, ನಾಲ್ಕರದ್ದನ್ನು ಎರಡಕ್ಕೆ ಹಾಕಿ, ಕೋಡ್ ಅಳಿಸಿ ಓಡಿಸಿ. ಕೋಡ್ ಪಿ0304 ಆದರೆ ಕಾಯಿಲ್ ಹೋಗಿದೆ. ಪಿ0302 ಆಗೇ ಉಳಿದರೆ ಬೇರೆ ಕಡೆ ಹುಡುಕಿ.

ಲೈಟ್ ಮಿನುಗಲು ಶುರುವಾದರೆ ಮಾತ್ರ ಪರೀಕ್ಷೆ ಗಿರೀಕ್ಷೆ ಬಿಟ್ಟು ಗಾಡಿ ನಿಲ್ಲಿಸಿ. ಉರಿಯದ ಪೆಟ್ರೋಲ್ ಸೈಲೆನ್ಸರ್ ದಾರಿಯಲ್ಲಿ ಹೊಗೆ ಶುದ್ಧ ಮಾಡುವ ಕ್ಯಾಟಲಿಟಿಕ್ ಕನ್ವರ್ಟರ್‌ಗೆ ಹೋಗಿ ಅಲ್ಲಿ ಉರಿಯುತ್ತದೆ. ಅದು ಕರಗಿದರೆ ಖರ್ಚು ಪ್ಲಗ್‌ನ ಲೆಕ್ಕದಲ್ಲಿ ಇರಲ್ಲ.

ಮೂರನೇಗೇರ್
ಜರ್ಕ್ ಹೋಯಿತು! ಅದೇ ಏರು ಮೂರನೇ ಗೇರಲ್ಲಿ ಹತ್ತಿತು. ನಡುಕ ಮಾತ್ರ ಉಳಿದಿದೆ, ಐಡ್ಲಿಂಗ್ ಈಗಲೂ ಜಾಸ್ತಿ. ಸ್ಕ್ಯಾನರ್ ಬಂತು. ಕೋಡ್ ಪಿ0171, ಅಂದರೆ ಗಾಳಿಗೆ ಹೋಲಿಸಿದರೆ ಪೆಟ್ರೋಲ್ ಕಡಿಮೆ. ಲಾಂಗ್ ಟರ್ಮ್ ಮತ್ತು ಶಾರ್ಟ್ ಟರ್ಮ್ ಕೂಡಿಸಿದರೆ ಐಡ್ಲಿಂಗ್‌ನಲ್ಲಿ +24%, 2500ರಲ್ಲಿ +6%. ನನ್ನದರಲ್ಲಿ ಮಾಸ್ ಏರ್‌ಫ್ಲೋ ಸೆನ್ಸರ್ ಇದೆ. ಒಳಗೆ ಹೋಗುವ ಗಾಳಿಯನ್ನು ನಿಯಂತ್ರಿಸುವ ಥ್ರಾಟಲ್ ಬಾಡಿ ಕ್ಲೀನ್ ಮಾಡಿದರೆ ಸರಿಹೋಗುತ್ತಾ?

ಸ್ಕ್ಯಾನರ್‌ಹುಚ್ಚ
ಆಹಾ, ಪಾಠಕ್ಕೆ ಇಡಬೇಕಾದ ಸಂಖ್ಯೆಗಳು. ಇದು ಗಾಳಿ ಸೋರಿಕೆ. ಸೆನ್ಸರ್ ಅಳೆಯದ ಗಾಳಿ ಎಲ್ಲಿಂದಲೋ ಒಳಗೆ ಬರುತ್ತಿದೆ. ಐಡ್ಲಿಂಗ್‌ನಲ್ಲಿ ಎಂಜಿನ್ ಕುಡಿಯುವ ಗಾಳಿಯೇ ಕಡಿಮೆ, ಹಾಗಾಗಿ ಆ ಕಳ್ಳಗಾಳಿಯ ಪಾಲು ದೊಡ್ಡದು. ಆರ್‌ಪಿಎಂ ಏರಿದಾಗ ಪಾಲು ಸಣ್ಣದಾಗುತ್ತದೆ, ಟ್ರಿಮ್ ಇಳಿಯುತ್ತದೆ. ಇದರ ಉಲ್ಟಾ ಇದ್ದಿದ್ದರೆ, ಅಂದರೆ ಲೋಡ್ ಬಿದ್ದಾಗ ಟ್ರಿಮ್ ಏರಿದ್ದರೆ, ಪೆಟ್ರೋಲ್ ಪಂಪ್ ಅಥವಾ ಕೊಳೆಯಾದ ಏರ್‌ಫ್ಲೋ ಸೆನ್ಸರ್ ಮೇಲೆ ಅನುಮಾನ ಪಡಬೇಕಿತ್ತು.

ಓದುತ್ತಿರುವ ಬೇರೆಯವರಿಗೆ: ಏರ್‌ಫ್ಲೋ ಸೆನ್ಸರ್ ಇಲ್ಲದೆ ಮ್ಯಾನಿಫೋಲ್ಡ್ (ಸಿಲಿಂಡರುಗಳಿಗೆ ಗಾಳಿ ಹಂಚುವ ಕೊಳವೆ) ಒತ್ತಡ ನೋಡಿ ಲೆಕ್ಕ ಹಾಕುವ ಗಾಡಿಗಳಲ್ಲಿ ಈ ಸೂತ್ರ ಇಷ್ಟು ಸ್ಪಷ್ಟವಾಗಿ ಕೆಲಸ ಮಾಡಲ್ಲ. ಅಲ್ಲಿ ಸೋರಿಕೆಯಾದರೆ ಹೆಚ್ಚಾಗಿ ಐಡ್ಲಿಂಗ್ ಏರುತ್ತದೆ, ಟ್ರಿಮ್ ಅಷ್ಟು ಅಲ್ಲಾಡಲ್ಲ.

ಗ್ರೀಸ್‌ಕೈ
ಥ್ರಾಟಲ್ ಬಾಡಿಗೆ ಈಗಲೇ ಕೈ ಹಾಕಬೇಡಿ. ಮೊದಲು ಸೋರಿಕೆ. ವಾಲ್ವ್ ಕವರ್‌ನಿಂದ ಇನ್‌ಟೇಕ್ ಮ್ಯಾನಿಫೋಲ್ಡ್‌ಗೆ ಹೋಗುವ ಪಿಸಿವಿ ಹೋಸ್ ಹುಡುಕಿ. ಎಂಜಿನ್ ಒಳಗಿನ ಆವಿಯನ್ನು ಮತ್ತೆ ಉರಿಯಲು ಕಳಿಸುವುದು ಅದು. ಬೆರಳಷ್ಟು ದಪ್ಪದ ರಬ್ಬರ್ ಪೈಪು. ಅದರ ಬಾಗಿದ ಜಾಗದ ತಳಭಾಗವನ್ನು ಬೆರಳಿನಿಂದ ಸವರಿ ನೋಡಿ. ಬಿರುಕು ಯಾವಾಗಲೂ ಕಣ್ಣಿಗೆ ಕಾಣದ ಕಡೆಯೇ ಇರುತ್ತದೆ. ಹಾಗೇ ಬ್ರೇಕ್ ಬೂಸ್ಟರಿಗೆ ಹೋಗುವ ಪೈಪು, ಥ್ರಾಟಲ್‌ಗೆ ಮುಂಚೆ ಇರುವ ಸುಕ್ಕು ಸುಕ್ಕಿನ ದೊಡ್ಡ ಹೋಸ್. ಅದನ್ನು ಸ್ವಲ್ಪ ಹಿಗ್ಗಿಸಿದರೆ ಸುಕ್ಕಿನ ನಡುವಿನ ಸೀಳು ಬಾಯಿ ಬಿಡುತ್ತದೆ.

ಕಾಣದಿದ್ದರೆ ಐಡ್ಲಿಂಗ್‌ನಲ್ಲಿ ಸೋಪಿನ ನೀರನ್ನು ಅನುಮಾನ ಇರುವ ಜಾಗಕ್ಕೆ ಸ್ವಲ್ಪ ಸ್ವಲ್ಪ ಹಾಕಿ. ಸೀಳು ನೀರು ಹೀರಿದ ಕ್ಷಣ ಎಂಜಿನ್ ಸದ್ದು ಬದಲಾಗುತ್ತದೆ. ವೈರಿಂಗ್ ಮೇಲೆ ಬೀಳದಂತೆ ನೋಡಿಕೊಳ್ಳಿ. ಕೆಲವರು ಇದಕ್ಕೆ ಕಾರ್ಬ್ ಕ್ಲೀನರ್ ಸ್ಪ್ರೇ ಹೊಡೆಯುತ್ತಾರೆ. ಬಿಸಿ ಎಂಜಿನ್ ಮೇಲೆ ಅದು ಬೆಂಕಿಗೆ ಆಹ್ವಾನ. ನಾನು ಹೇಳಲ್ಲ.

ಬೆಲ್ಟ್, ಫ್ಯಾನ್ ಹತ್ತಿರ ಸಡಿಲ ತೋಳು, ಸರ, ದುಪಟ್ಟಾ ಏನೂ ಇರಬಾರದು. ರೇಡಿಯೇಟರ್ ಫ್ಯಾನ್ ಎಂಜಿನ್ ನಿಂತ ಮೇಲೂ ತಾನೇ ತಿರುಗಬಹುದು.

ಡೀಸೆಲ್‌ಗಾಡಿ
ನಡುವೆ ಬಾಯಿ ಹಾಕುತ್ತಿದ್ದೇನೆ. ನನ್ನದು ಡೀಸೆಲ್. ಪಿಕಪ್ ಇಲ್ಲ, ತುಳಿದರೆ ಕಪ್ಪು ಹೊಗೆ. ನಾನೂ ಸ್ಪಾರ್ಕ್ ಪ್ಲಗ್ ಬದಲಾಯಿಸಲಾ?

ಸುಮ್ನೆಓದುಗ
ಸಿಕ್ಕರೆ ಬದಲಾಯಿಸಿ 😄

ಗ್ರೀಸ್‌ಕೈ
ಪಾಪ, ನಗಬೇಡಿ. ಡೀಸೆಲ್‌ನಲ್ಲಿ ಸ್ಪಾರ್ಕ್ ಪ್ಲಗ್ ಇರಲ್ಲ. ಇರುವುದು ಗ್ಲೋ ಪ್ಲಗ್, ಅದು ಚಳಿಯಲ್ಲಿ ಸ್ಟಾರ್ಟ್ ಆಗಲು. ನೀವು ಏರ್ ಫಿಲ್ಟರ್ ನೋಡಿ, ಆಮೇಲೆ ಟರ್ಬೋದಿಂದ ಇಂಟರ್‌ಕೂಲರ್, ಅಲ್ಲಿಂದ ಎಂಜಿನ್‌ವರೆಗಿನ ಹೋಸ್‌ಗಳನ್ನು ನೋಡಿ. ಕಪ್ಪು ಹೊಗೆಯ ಜೊತೆ ತುಳಿದಾಗ ಸುಯ್ ಅನ್ನೋ ಸದ್ದೂ ಇದ್ದರೆ ಯಾವುದೋ ಹೋಸ್ ಸೀಳಿದೆ. ಸೀಳಿನ ಸುತ್ತ ಎಣ್ಣೆ ಜಿಡ್ಡು ಹರಡಿರುತ್ತದೆ, ಗುರುತು ಸಿಗುತ್ತದೆ. ಇಂಜೆಕ್ಟರ್ ಕಡೆಯ ಲೋಹದ ಪೈಪುಗಳನ್ನು ಮಾತ್ರ ಮನೆಯಲ್ಲಿ ಬಿಚ್ಚಬೇಡಿ. ಕಾಮನ್ ರೈಲ್‌ನಲ್ಲಿ ಒತ್ತಡ 1000 ಬಾರ್ ಮೀರುತ್ತದೆ, ಚರ್ಮ ತೂರಿಕೊಂಡು ಹೋಗುತ್ತದೆ. ಬೇರೆ ಎಳೆ ಶುರು ಮಾಡಿ, ಅಲ್ಲಿ ವಿವರವಾಗಿ ಬರೆಯುತ್ತೇನೆ.

ಮೂರನೇಗೇರ್
ಸಿಕ್ಕಿತು! ಪಿಸಿವಿ ಹೋಸ್. ಮೇಲಿಂದ ನೋಡಿದರೆ ಏನೂ ಇಲ್ಲ. ತಳಕ್ಕೆ ಬೆರಳು ಹಾಕಿದರೆ ಉಗುರು ಒಳಗೆ ಹೋಯಿತು. ಆ ಜಾಗದ ರಬ್ಬರ್ ಊದಿಕೊಂಡು ಜೆಲ್ಲಿ ಥರ ಮೆತ್ತಗಾಗಿದೆ. ಐಡ್ಲಿಂಗ್‌ನಲ್ಲಿ ಬೆರಳಿಂದ ಮುಚ್ಚಿದ ತಕ್ಷಣ ಎಂಜಿನ್ ಸದ್ದು ಇಳಿದು ನಡುಕ ನಿಂತಿತು. ಹೊಸ ಹೋಸ್ ಹಾಕಿದೆ. ಪಿಸಿವಿ ವಾಲ್ವ್ ಅಲ್ಲಾಡಿಸಿದರೆ ಟಕಟಕ ಅನ್ನುತ್ತೆ, ಅಂದರೆ ಕಚ್ಚಿಕೊಂಡಿಲ್ಲ, ಅದನ್ನು ಹಾಗೇ ಬಿಟ್ಟೆ. ಟ್ರಿಮ್ ಈಗ ಐಡ್ಲಿಂಗ್‌ನಲ್ಲಿ +3.

ಇಂಜೆಕ್ಟರ್ ಕ್ಲೀನಿಂಗ್ ಚೀಟಿ ಇನ್ನೂ ಜೇಬಲ್ಲಿದೆ. ಅದಕ್ಕೆ ಅರ್ಥ ಇದೆಯಾ?

ಸ್ಕ್ಯಾನರ್‌ಹುಚ್ಚ
ಟ್ರಿಮ್ ಸರಿ ಇದೆ, ಮಿಸ್‌ಫೈರ್ ಇಲ್ಲ. ಹಾಗಿದ್ದ ಮೇಲೆ ಇಂಜೆಕ್ಟರ್ ಮುಟ್ಟಲು ಕಾರಣವೇ ಇಲ್ಲ. ಬೇಕಿದ್ದರೆ ಪಿಇಎ (ಕೊಳೆ ತೆಗೆಯುವ ಒಂದು ರಾಸಾಯನಿಕ) ಇರುವ ಸೇರ್ಪಡೆ ಒಂದು ಬಾಟಲಿ ಟ್ಯಾಂಕಿಗೆ ಹಾಕಿ ನೋಡಿ. ಇನ್‌ಟೇಕ್ ವಾಲ್ವಿನ ಹೊರಗೇ ಪೆಟ್ರೋಲ್ ಚಿಮ್ಮುವ ಪೋರ್ಟ್ ಇಂಜೆಕ್ಷನ್ ಗಾಡಿಗೆ ಸ್ವಲ್ಪ ಉಪಯೋಗ ಇದೆ. ಡೈರೆಕ್ಟ್ ಇಂಜೆಕ್ಷನ್‌ನಲ್ಲಿ ಪೆಟ್ರೋಲ್ ಸೀದಾ ಸಿಲಿಂಡರ್ ಒಳಗೆ ಹೋಗುತ್ತದೆ, ಇನ್‌ಟೇಕ್ ವಾಲ್ವಿನ ಮೇಲೆ ಬೀಳುವುದೇ ಇಲ್ಲ, ಹಾಗಾಗಿ ಟ್ಯಾಂಕಿಗೆ ಏನು ಸುರಿದರೂ ಆ ವಾಲ್ವಿನ ಕಾರ್ಬನ್ ಹೋಗಲ್ಲ.

ನಿಧಾನವೇಗ
ಎಂಜಿನ್ ಫ್ಲಶ್ ಅಂತೂ ಬೇಡ. ಆಯಿಲ್ ಸಮಯಕ್ಕೆ ಬದಲಾಗುತ್ತಿದ್ದ ಎಂಜಿನ್‌ಗೆ ಅದು ಏನು ತೊಳೆಯಬೇಕು?

ಥ್ರಾಟಲ್ ಬಾಡಿ ಕ್ಲೀನ್ ಮಾಡುವ ಆಸೆ ಇದ್ದರೆ ಮಾಡಿ, ಆದರೆ ಥ್ರಾಟಲ್ ಬಾಡಿ ಕ್ಲೀನರನ್ನೇ ಬಳಸಿ. ಸೀದಾ ಒಳಗೆ ಹೊಡೆಯದೆ ಬಟ್ಟೆಗೆ ಹಾಕಿ ಒರೆಸಿ. ಎಲೆಕ್ಟ್ರಾನಿಕ್ ಥ್ರಾಟಲ್ ಆಗಿದ್ದರೆ ಕೀ ಆನ್ ಇರುವಾಗ ಬೆರಳು ಹಾಕಬಾರದು, ಪ್ಲೇಟ್ ತಾನೇ ಮುಚ್ಚಿಕೊಂಡರೆ ಬೆರಳಿಗೆ ಅಪಾಯ. ಒರೆಸಿದ ಮೇಲೆ ಕೆಲವು ಗಾಡಿಗಳಲ್ಲಿ ಐಡ್ಲಿಂಗ್ ಎತ್ತರಕ್ಕೆ ಹೋಗುತ್ತದೆ. ಕೊಳೆ ಇದ್ದಾಗಿನ ಲೆಕ್ಕವನ್ನೇ ಕಂಪ್ಯೂಟರ್ ನೆನಪಿಟ್ಟುಕೊಂಡಿರುತ್ತದೆ, ಹೊಸದಾಗಿ ಕಲಿಸಬೇಕು. ಕಲಿಸುವ ವಿಧಾನ ಮಾಡೆಲ್ಲಿಂದ ಮಾಡೆಲ್ಲಿಗೆ ಬೇರೆ. ನಿಮ್ಮದು ಈಗ ಚೆನ್ನಾಗಿ ಓಡುತ್ತಿದೆ, ನಾನಾಗಿದ್ದರೆ ಮುಟ್ಟುತ್ತಿರಲಿಲ್ಲ.

ಮೂರನೇಗೇರ್
ಸರಿ ಮೇಡಂ, ಮುಟ್ಟಲ್ಲ. ಗ್ರೀಸ್‌ಕೈ ಸರ್, ಮೂರನೇ ಪ್ಲಗ್‌ನ ಎಣ್ಣೆ ವಿಷಯ ಬಾಕಿ ಇದೆ. ಮತ್ತೆ ಇಣುಕಿ ನೋಡಿದೆ, ಆ ಗುಂಡಿಯಲ್ಲಿ ಈಗಲೂ ಸ್ವಲ್ಪ ಎಣ್ಣೆ ನಿಂತಿದೆ. ಪಿಸ್ಟನ್ ರಿಂಗ್ ಹೋಗಿದೆಯಾ ಅಂತ ಭಯ.

ಗ್ರೀಸ್‌ಕೈ
ಭಯ ಬೇಡ. ರಿಂಗ್ ಹೋಗಿದ್ದರೆ ಎಣ್ಣೆ ಕಿಡಿ ಬರುವ ತುದಿಯಲ್ಲಿ ಇರುತ್ತಿತ್ತು, ಮೇಲೆ ಅಲ್ಲ. ನಿಮ್ಮದು ವಾಲ್ವ್ ಕವರ್ ಕೆಳಗಿನ ಪ್ಲಗ್ ಟ್ಯೂಬ್ ಸೀಲ್, ಅಂದರೆ ಪ್ಲಗ್ ಗುಂಡಿಗೆ ಎಣ್ಣೆ ಬರದಂತೆ ತಡೆಯುವ ರಬ್ಬರ್, ಹೋಗಿರುವುದು. ಕವರ್ ಗ್ಯಾಸ್ಕೆಟ್ ಜೊತೆ ಅದನ್ನೂ ಬದಲಾಯಿಸಬೇಕು. ಕೆಲವು ಎಂಜಿನ್‌ಗಳಲ್ಲಿ ಸೀಲ್ ಕವರ್‌ಗೇ ಅಂಟಿಕೊಂಡಿರುತ್ತದೆ, ಆಗ ಕವರ್ ಸಮೇತ ಹೊಸದು. ಕೊಳ್ಳುವ ಮೊದಲು ಇದನ್ನು ವಿಚಾರಿಸಿ.

ತುಂಬಾ ದಿನ ಬಿಟ್ಟರೆ ಎಣ್ಣೆ ಕಾಯಿಲ್‌ನ ರಬ್ಬರ್ ಬೂಟನ್ನು ಊದಿಸುತ್ತದೆ. ಕಿಡಿ ಪಕ್ಕಕ್ಕೆ ಹಾರಿ ಮತ್ತೆ ಅದೇ ಜರ್ಕ್ ಶುರು. ಅಲ್ಲಿಯವರೆಗೆ ಕಡ್ಡಿಗೆ ಬಟ್ಟೆ ಸುತ್ತಿ ಗುಂಡಿಯ ಎಣ್ಣೆ ಹೀರಿ ತೆಗೆಯಿರಿ. ಬೂಟನ್ನೂ ಒರೆಸಿ ಹಾಕಿ. ಪ್ಲಗ್ ಬಿಚ್ಚುವುದಿದ್ದರೆ ಎಣ್ಣೆ ಪೂರ್ತಿ ತೆಗೆದ ಮೇಲೆಯೇ ಬಿಚ್ಚಿ, ಇಲ್ಲದಿದ್ದರೆ ಅಷ್ಟೂ ಸಿಲಿಂಡರಿಗೆ ಇಳಿಯುತ್ತದೆ. ಕವರ್ ಬೋಲ್ಟ್‌ಗಳಿಗೆ ಟಾರ್ಕ್ ಬಹಳ ಕಡಿಮೆ, ನಡುವಿನಿಂದ ಶುರು ಮಾಡಿ ಹೊರಕ್ಕೆ ಸ್ವಲ್ಪ ಸ್ವಲ್ಪವೇ ಬಿಗಿಯಬೇಕು. ಜೋರಾಗಿ ಎಳೆದರೆ ಬೋಲ್ಟ್ ತುಂಡಾಗುತ್ತದೆ.

ಮೂರನೇಗೇರ್
ಸೀಲ್ ಬಿಡಿಯಾಗಿ ಸಿಗುತ್ತಂತೆ, ಗ್ಯಾಸ್ಕೆಟ್ ಜೊತೆ ತರಿಸಿದ್ದೇನೆ. ಟಾರ್ಕ್ ವ್ರೆಂಚ್ ಕೂಡ ಎರವಲು ಕೇಳಿದ್ದೇನೆ. ಕವರ್ ಬಿಚ್ಚಿದ ಮೇಲೆ ಫೋಟೋ ಹಾಕುತ್ತೇನೆ, ಬಿಗಿಯುವ ಕ್ರಮ ಒಮ್ಮೆ ನೋಡಿ ಹೇಳಿ ಸರ್.